ಇಷ್ಟಾದ ಮೇಲೂ ದೇವರನ್ನ ನಂಬ್ತೀರಾ?

ಹೌದು, ನಂಬುತ್ತೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮಗಳ ಶಾಲೆಯ ಗೇಟಿನ ಹತ್ತಿರ ನಿಂತು ಇದನ್ನು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದು ಇಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಈಗ 11 ವರ್ಷ. 7 ತುಂಬಿದಾಗ ಅವಳಿಗೆ ಟೈಪ್ 1 ಡಯಾಬಿಟಿಸ್ ಬಂತು. ಮೊದಲು ವಿಪರೀತ ಬಾಯಾರಿಕೆ. ಆಮೇಲೆ ರಾತ್ರಿ ಹಾಸಿಗೆ ಒದ್ದೆ. ಹಾಕಿದ ಫ್ರಾಕು ಹೆಗಲಿಂದ ಜಾರುವಷ್ಟು ಸಣ್ಣಗಾದಳು. ಒಂದು ಕ್ಲಿನಿಕ್ಕಿನಲ್ಲಿ ಹುಳದ ಔಷಧಿ ಕೊಟ್ಟು ಕಳಿಸಿದರು. ಮೂರನೇ ದಿನ ಮಗು ಏದುಸಿರು ಬಿಡುತ್ತಿತ್ತು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಐಸಿಯುಗೆ ಸೇರಿಸಿದಾಗ ಶುಗರ್ 512. ಅವತ್ತಿನಿಂದ ದಿನಕ್ಕೆ ನಾಲ್ಕು ಇನ್ಸುಲಿನ್ ಇಂಜೆಕ್ಷನ್, ಶುಗರ್ ನೋಡಲು ಆರೇಳು ಸಲ ಬೆರಳು ಚುಚ್ಚುವುದು. ರಜೆ ಇಲ್ಲ, ಹಬ್ಬ ಇಲ್ಲ.

ಇನ್ನು ಜನ ಕೇಳುವ ರೀತಿ. "ಅಷ್ಟೊಂದು ಪೂಜೆ ಮಾಡ್ತೀರಿ, ಆದ್ರೂ ದೇವರು ನಿಮಗೇ ಹೀಗೆ ಮಾಡಿದನಲ್ಲ?" ಆ 'ಆದ್ರೂ' ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನೇನು ಎಲ್‌ಐಸಿ ಕಂತು ಕಟ್ಟುತ್ತಿದ್ದೆನಾ, ಕ್ಲೇಮು ಬರಲಿಲ್ಲ ಅಂತ ಜಗಳಕ್ಕೆ ಹೋಗಲು? ಬೆಳಿಗ್ಗೆ ದೀಪ ಹಚ್ಚುವುದು ನನಗೆ ಅಮ್ಮನಿಗೆ ಫೋನ್ ಮಾಡಿದ ಹಾಗೆ. ಮಾತಾಡದಿದ್ದರೆ ದಿನ ಶುರುವಾಗುವುದಿಲ್ಲ. ಅಷ್ಟೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. "ಯಾವ ಜನ್ಮದ ಕರ್ಮವೋ, ಅನುಭವಿಸಲೇಬೇಕು." ಇದನ್ನು ಮಗುವಿನ ಎದುರಿಗೇ ಹೇಳುತ್ತಾರೆ. ದಯವಿಟ್ಟು ಕೇಳಿಸಿಕೊಳ್ಳಿ. ಮೈಯನ್ನು ಕಾಯಬೇಕಾದ ಕಣಗಳು ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನೇ ಕೊಂದುಹಾಕುತ್ತವೆ. ಅದೇ ಈ ಕಾಯಿಲೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ. ಬಸುರಿಯಾಗಿದ್ದಾಗ ನಾನು ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ. ಏಳು ವರ್ಷದ ಮಗುವಿಗೆ ಹಳೇ ಬಾಕಿ ವಸೂಲಿಗೆ ಬರುವ ದೇವರು ನನಗೆ ಗೊತ್ತಿಲ್ಲ. ನಾನು ನಂಬುವ ದೇವರು ಅವನಲ್ಲ.

ನಾವು ಮೈಸೂರಿನವರು. ಹಾಗಾಗಿ "ನಂಜನಗೂಡಿಗೆ ಹೋಗಿ ಉರುಳುಸೇವೆ ಮಾಡಿಸಿ" ಅಂತ ಹೇಳದವರೇ ಇಲ್ಲ. ತನ್ನ ಆನೆಯ ಕಣ್ಣು ವಾಸಿಯಾಯಿತು ಅಂತ ಟಿಪ್ಪು ಅಲ್ಲಿನ ದೇವರನ್ನು 'ಹಕೀಂ ನಂಜುಂಡ', ಅಂದರೆ ವೈದ್ಯ ನಂಜುಂಡ, ಅಂತ ಕರೆದನಂತೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಕಥೆ ಅದು. ನಾವೂ ಹೋಗುತ್ತೇವೆ. ಕಪಿಲೆಯಲ್ಲಿ ಕಾಲು ತೊಳೆದು, ಕ್ಯೂನಲ್ಲಿ ನಿಂತು, ಕೈಮುಗಿದು ಬರುತ್ತೇವೆ. ಹೋಗುವಾಗ ಬ್ಯಾಗಿನಲ್ಲಿ ಇನ್ಸುಲಿನ್ ಪೆನ್ನು, ಅಂದರೆ ಪೆನ್ನಿನಂಥ ಇಂಜೆಕ್ಷನ್, ಇರುತ್ತದೆ. ಹರಕೆ ಹೊತ್ತು ಇಂಜೆಕ್ಷನ್ ನಿಲ್ಲಿಸಿ ಅಂದವರಿದ್ದಾರೆ. ಅವರ ಜೊತೆ ನಾನು ಮಾತು ಬಿಟ್ಟಿದ್ದೇನೆ. ಈ ಕಾಯಿಲೆಯಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಮಗು ಉಳಿಯುವುದಿಲ್ಲ.

ಕಳೆದ ಶ್ರಾವಣದಲ್ಲಿ ನೆಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅದರ ಪ್ರಸಾದ ಗೊತ್ತಲ್ಲ, ಸಪಾದ ಭಕ್ಷ್ಯ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು, ಎಲ್ಲಾ ಒಂದೂಕಾಲು ಅಳತೆ. ಕಥೆ ಮುಗಿದು ಮಂಗಳಾರತಿ ಆಯಿತು. ದೊನ್ನೆ ಹಂಚುವ ಹೊತ್ತಿಗೆ ನನ್ನ ಮಗಳು ಎದ್ದು ಹೋದಳು. ತಕ್ಷಣ ಒಬ್ಬರು, "ಪಾಪ, ಶುಗರ್ ಅಲ್ವಾ, ಅವಳಿಗೆ ಕೊಡಬೇಡಿ" ಅಂದರು. ಪಕ್ಕದಲ್ಲಿದ್ದ ದೊಡ್ಡಮ್ಮ, "ಪ್ರಸಾದ ಬಿಟ್ಟು ಹೋದ ಕಲಾವತಿಗೆ ಏನಾಯ್ತು? ಈಗ ತಾನೇ ಕೇಳಿದ್ವಲ್ಲ" ಅಂದರು. ಕಥೆಯಲ್ಲಿ ಕಲಾವತಿ, ಗಂಡ ಬಂದ ಅಂತ ಕೇಳಿ ಪ್ರಸಾದ ತಗೊಳ್ಳದೆ ದಡಕ್ಕೆ ಓಡುತ್ತಾಳೆ. ದೋಣಿ ಸಮೇತ ಗಂಡ ಕಾಣೆಯಾಗುತ್ತಾನೆ. ನನ್ನ ಗಂಟಲು ಕಟ್ಟಿತು. ಒಬ್ಬರು ಕೊಡಬೇಡಿ ಅಂತಾರೆ, ಇನ್ನೊಬ್ಬರು ಬಿಟ್ಟರೆ ಶಾಪ ಅಂತಾರೆ. ನಡುವೆ ನನ್ನ ಕೂಸು.

ಅವಳು ಹೋಗಿದ್ದದ್ದು ಕೈ ತೊಳೆಯಲು. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಶುಗರ್ ನೋಡುವ ಮೀಟರ್ ಸುಳ್ಳು ಹೇಳುತ್ತದೆ. ವಾಪಸ್ ಬಂದು ಕೂತಳು, ಚುಚ್ಚಿಕೊಂಡಳು, 118. ದೊನ್ನೆ ಎತ್ತಿ ನೋಡಿ, "ಅಮ್ಮಾ, ಇದು ಮೂವತ್ತು ಗ್ರಾಂ ಕಾರ್ಬ್ ಇರುತ್ತೆ ಅಲ್ವಾ?" ಅಂದಳು. ಕಾರ್ಬ್ ಅಂದರೆ ಶುಗರ್ ಏರಿಸುವ ಪಿಷ್ಟ, ಸಕ್ಕರೆ. ಅವಳ ಲೆಕ್ಕದಲ್ಲಿ 15 ಗ್ರಾಂಗೆ 1 ಯೂನಿಟ್ ಇನ್ಸುಲಿನ್. ಪೆನ್ನಿನ ತುದಿ ತಿರುಗಿಸಿದಳು, ಟಿಕ್ ಟಿಕ್, 2. ಲಂಗ ಸ್ವಲ್ಪ ಮೇಲೆ ಸರಿಸಿ ತೊಡೆಗೆ ಹಾಕಿಕೊಂಡಳು. ಹತ್ತು ನಿಮಿಷ ದೊನ್ನೆ ಮಡಿಲಲ್ಲಿಟ್ಟುಕೊಂಡು ಕಾದಳು. ಆಮೇಲೆ ಕಣ್ಣಿಗೊತ್ತಿಕೊಂಡು ತಿಂದಳು. ಕೊನೆಗೆ ದೊಡ್ಡಮ್ಮನ ಕಡೆ ತಿರುಗಿ, "ಕಲಾವತಿ ಗಂಡನ್ನ ನೋಡೋಕೆ ಓಡಿದ್ದು ಅಜ್ಜಿ. ನಾನು ಬಚ್ಚಲಿಗೆ ಹೋಗಿದ್ದೆ" ಅಂದಳು. ದೊಡ್ಡಮ್ಮನೂ ನಕ್ಕುಬಿಟ್ಟರು.

ಅವತ್ತು ಮನೆಗೆ ಬರುವಾಗ ನನ್ನ ತಲೆಯಲ್ಲಿ ಇದ್ದವನು ಟೊರಾಂಟೊದ ಒಬ್ಬ ಹುಡುಗ. ಲಿಯೊನಾರ್ಡ್ ಥಾಂಪ್ಸನ್ ಅಂತ, 14 ವರ್ಷ. 1922ರ ಜನವರಿಯಲ್ಲಿ, ಮನುಷ್ಯರ ಪೈಕಿ ಈ ಕಾಯಿಲೆಗೆ ಮೊದಲು ಇನ್ಸುಲಿನ್ ಪಡೆದವನು. ಮೊದಲ ಚುಚ್ಚುಮದ್ದು ಸರಿ ಹೋಗಲಿಲ್ಲ. ಔಷಧಿಯನ್ನು ಶುದ್ಧ ಮಾಡಿ, ಸುಮಾರು ಎರಡು ವಾರ ಬಿಟ್ಟು ಮತ್ತೆ ಕೊಟ್ಟಾಗ ಚೇತರಿಸಿಕೊಂಡ. ಇನ್ನೂ 13 ವರ್ಷ ಬದುಕಿದ. ಅವನಿಗಿಂತ ಹಿಂದಿನ ಮಕ್ಕಳಿಗೆ ಇದ್ದದ್ದು ಅರೆಹೊಟ್ಟೆಯ ಪಥ್ಯ, ಆಮೇಲೆ ಸಾವು. ಅವರ ತಾಯಂದಿರೂ ದೀಪ ಹಚ್ಚಿರುತ್ತಾರೆ, ನನಗಿಂತ ಜಾಸ್ತಿಯೇ ಅತ್ತಿರುತ್ತಾರೆ. ನನ್ನ ಮಗಳು ಬದುಕಿದ್ದಾಳೆ, ಅವರ ಮಕ್ಕಳು ಯಾಕೆ ಬದುಕಲಿಲ್ಲ? ಅನ್ಯಾಯ ಅಂದರೆ ನನಗೆ ಇದು ನೆನಪಾಗುತ್ತದೆ. ದೇವರು ಇದಕ್ಕೆ ನನಗೆ ಉತ್ತರ ಕೊಟ್ಟಿಲ್ಲ. ನಾನು ಕೇಳುವುದನ್ನೂ ಬಿಟ್ಟಿಲ್ಲ.

ನಂಬ್ತೀರಾ ಅಂತ ಕೇಳುವವರು ಒಂದು ಸಲವಾದರೂ "ರಾತ್ರಿ ನಿದ್ದೆ ಮಾಡ್ತೀರಾ?" ಅಂತ ಕೇಳಬಾರದೇ? ನಾಲ್ಕು ವರ್ಷದಲ್ಲಿ ಹಾಗೆ ಕೇಳಿದವರು ಇಬ್ಬರೇ. ಒಬ್ಬರು ನಮ್ಮ ಮನೆಗೆ ಹೂವು ಕೊಡುವಾಕೆ.

ಮಾಡುವುದಿಲ್ಲ ಕಣ್ರೀ. 2 ಗಂಟೆಗೆ ಅಲಾರಂ ಇಟ್ಟುಕೊಂಡು ಏಳುತ್ತೇನೆ. ಮಲಗಿದ್ದವಳ ಬೆರಳು ಹಿಡಿದು ಚುಚ್ಚುತ್ತೇನೆ. ಒಂದೊಂದು ದಿನ ಶುಗರ್ 58ಕ್ಕೆ ಇಳಿದಿರುತ್ತದೆ, ಹಣೆಯೆಲ್ಲಾ ಬೆವರು. ಎಬ್ಬಿಸಿ, ಗೋಡೆಗೆ ಒರಗಿಸಿ ಕೂರಿಸಿ, ಗ್ಲೂಕೋಸ್ ಕಲಸಿದ ನೀರು ಕುಡಿಸುತ್ತೇನೆ. ಆಮೇಲೆ 15 ನಿಮಿಷ ಕಾಯಬೇಕು. ಅಷ್ಟರೊಳಗೆ ಪರೀಕ್ಷಿಸಿ ಪ್ರಯೋಜನವಿಲ್ಲ.

ಆ 15 ನಿಮಿಷ ನಾನು ದೇವರ ಜೊತೆ ಇರುತ್ತೇನೆ. ಸ್ತೋತ್ರ ಗೀತ್ರ ಏನೂ ಇಲ್ಲ, ಬರೀ ಬೈಗುಳ. 'ನಿನಗೆ ಕಣ್ಣಿಲ್ವಾ? ನಿನ್ನ ಮಗು ಆಗಿದ್ರೆ ಹೀಗೆ ಸುಮ್ನೆ ಕೂರ್ತಿದ್ಯಾ?' ದೇವರನ್ನು ಬೈದು ಹಾಡಿದ್ದಕ್ಕೂ ನಮ್ಮಲ್ಲಿ ನಿಂದಾಸ್ತುತಿ ಅಂತ ಹೆಸರಿದೆ, ದಾಸರೇ ಹಾಡಿದ್ದಾರೆ. ಹಾಗಾಗಿ ನನಗೆ ಭಯ ಇಲ್ಲ. ಗಂಡ ಮಲಗಿರುತ್ತಾರೆ, ಬೆಳಿಗ್ಗೆ ಅವರದು ಮೊದಲ ಶಿಫ್ಟು. ಆ ಹೊತ್ತಲ್ಲಿ ಬೈಯಲಿಕ್ಕೆ ನನಗೆ ಇರುವವನು ಅವನೊಬ್ಬನೇ. ಅವನು ಇಲ್ಲ ಅಂದುಕೊಂಡರೆ ಆ 15 ನಿಮಿಷ ನಾನು ಗೋಡೆ ಜೊತೆ ಮಾತಾಡಬೇಕು.

ಮತ್ತೆ ಚುಚ್ಚುತ್ತೇನೆ. 104. ಬಾಯಿ ಒರೆಸಿ, ಹೊದಿಕೆ ಎಳೆದು ಮಲಗಿಸುತ್ತೇನೆ. ಬೈದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಬತ್ತಿ ಹೊಸೆದು, ದೀಪ ಹಚ್ಚುತ್ತೇನೆ.