ಲಿಮಿಟ್ ಲೆಕ್ಕ: ನಿಯಮ ಹಚ್ಚುವ ಮೊದಲು

ಪ್ರಥಮ ಪಿಯುಸಿ ಮಕ್ಕಳಿಗೆ ಲಿಮಿಟ್ ನಿಯಮಗಳು ಬಾಯಿಪಾಠ: ಮೊತ್ತದ ಲಿಮಿಟ್ ಎಂದರೆ ಲಿಮಿಟ್‌ಗಳ ಮೊತ್ತ, ಗುಣಾಕಾರ, ಭಾಗಾಕಾರಕ್ಕೂ ಹಾಗೆಯೇ. ಮರೆತುಹೋಗುವುದು ಷರತ್ತು. ಬಿಡಿಬಿಡಿಯಾಗಿ ಎರಡೂ ಲಿಮಿಟ್ ಇರಲೇಬೇಕು. ಭಾಗಾಕಾರದಲ್ಲಿ ಛೇದದ ಲಿಮಿಟ್ ಸೊನ್ನೆ ಆಗಬಾರದು. (ಚರಾಕ್ಷರಕ್ಕೆ ಇಲ್ಲಿ 'ಯ' ಬರೆದಿದ್ದೇನೆ, ನೋಟ್‌ಬುಕ್ಕಿನಲ್ಲಿ ಎಕ್ಸ್ ಮಾಡಿಕೊಳ್ಳಿ.)

ಕುಶಾಲನಗರದ ಕಾವೇರಿ ಸೇತುವೆ ನೆನೆಸಿಕೊಳ್ಳಿ. ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆಯ ಕೊಪ್ಪ. ಎರಡೂ ಕಡೆಯಿಂದ ಬರುವವರು ಸೇತುವೆಯ ನಡುವಿನ ಒಂದೇ ಜಾಗಕ್ಕೆ ಬರುತ್ತಾರೆ. ಆ ಜಾಗದಲ್ಲಿ ಒಂದು ಗುಂಡಿ ಬಿದ್ದಿದ್ದರೂ ಅವರು ಎತ್ತ ಬರುತ್ತಿದ್ದರು ಎಂಬುದು ಬದಲಾಗದು. ಲಿಮಿಟ್ ಕೇಳುವುದು ಅಷ್ಟನ್ನೇ: ಯ ಒಂದು ಬಿಂದುವಿನ ಹತ್ತಿರ ಬಂದಂತೆ ಫಂಕ್ಷನ್ ಯಾವ ಬೆಲೆಯ ಹತ್ತಿರ ಬರುತ್ತದೆ? ಆ ಬಿಂದುವಿನಲ್ಲಿ ಫಂಕ್ಷನ್‌ಗೆ ಬೆಲೆ ಇದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. |ಯ|/ಯ ಸೊನ್ನೆಗೆ ಎಡದಿಂದ ಬಂದರೆ −1, ಬಲದಿಂದ ಬಂದರೆ 1. ಎರಡೂ ಸೇರಲಿಲ್ಲ, ಲಿಮಿಟ್ ಇಲ್ಲ.

ಮೊದಲ ಕೆಲಸ ಯಾವಾಗಲೂ ನೇರವಾಗಿ ಬೆಲೆ ಆದೇಶಿಸುವುದು, ಅಂದರೆ ಯ ಇದ್ದಲ್ಲಿ ಅದರ ಬೆಲೆ ಹಾಕುವುದು. ಬಹುಪದೋಕ್ತಿಯಾದರೆ ಅಲ್ಲಿಗೇ ಮುಗಿಯಿತು. 0/0 ಬಂದರೆ ಅದು ಉತ್ತರವಲ್ಲ, ಕೆಲಸ ಬಾಕಿಯಿದೆ ಎಂಬ ಸೂಚನೆ. ಯ → 2 ಆದಾಗ (ಯ³ − 8)/(ಯ² − 4) ನೋಡಿ: ಎರಡರಲ್ಲೂ (ಯ − 2) ಅಡಗಿದೆ. ಅದನ್ನು ಹೊಡೆದುಹಾಕಿದರೆ (ಯ² + 2ಯ + 4)/(ಯ + 2) ಉಳಿಯುತ್ತದೆ, ಉತ್ತರ 12/4 = 3. ಹೊಡೆದುಹಾಕಬಹುದು ಏಕೆಂದರೆ ಯ ಎರಡರ ಹತ್ತಿರ ಬರುತ್ತದೆಯೇ ಹೊರತು ಎರಡೇ ಆಗುವುದಿಲ್ಲ. ವರ್ಗಮೂಲ ಇದ್ದರೆ, ಉದಾಹರಣೆಗೆ ಯ → 0 ಆದಾಗ (√(ಯ + 9) − 3)/ಯ, ಮೇಲೂ ಕೆಳಗೂ √(ಯ + 9) + 3 ರಿಂದ ಗುಣಿಸಿ. ಉತ್ತರ 1/6. ಯ = 0.01 ಹಾಕಿ ತಾಳೆ ನೋಡಿದರೆ 0.1666 ಬರುತ್ತದೆ.

ಷರತ್ತು ಮರೆತರೆ ಏನಾಗುತ್ತದೆ ಎಂದು ತೋರಿಸಲು ನನಗೆ ಅತಿ ಇಷ್ಟವಾದ ಲೆಕ್ಕ ಇದು: ಯ → 0 ಆದಾಗ 1/ಯ − 1/(ಯ² + ಯ). ಎರಡು ತುಂಡು ಮಾಡಿ 'ಅನಂತದಿಂದ ಅನಂತ ಕಳೆದರೆ ಸೊನ್ನೆ' ಎಂದು ಬರೆಯುವವರು ಬಹಳ. ಎರಡರಲ್ಲಿ ಒಂದಕ್ಕೂ ಲಿಮಿಟ್ ಇಲ್ಲದಿರುವಾಗ ಮೊತ್ತದ ನಿಯಮಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಮೊದಲು ಸಮಛೇದ ಮಾಡಿ: (ಯ + 1 − 1)/(ಯ(ಯ + 1)), ಅಂದರೆ 1/(ಯ + 1). ಈಗ ಆದೇಶಿಸಿ, ಉತ್ತರ 1.

ಸೈನ್ ಲೆಕ್ಕಕ್ಕೆ ಆಧಾರ ಇದು: ಯ → 0 ಆದಾಗ ಸೈನ್ ಯ/ಯ ಲಿಮಿಟ್ 1. ಅದಕ್ಕೆ ಕೋನ ರೇಡಿಯನ್‌ನಲ್ಲೇ ಇರಬೇಕು. ಸೈನ್ 5ಯ/3ಯ ಕೊಟ್ಟರೆ ಕೆಳಗೆ 5ಯ ತಂದುಕೊಳ್ಳಿ, 5/3 ಸಿಗುತ್ತದೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಸೈನ್ ಯ/ಯ ಒಂದರ ಬದಲು 0.01745 ತೋರಿಸುತ್ತದೆ. ಅದು π/180, ಯಂತ್ರದ ತಪ್ಪಲ್ಲ. ಸೈನ್ ಯ/ಯ ಲಿಮಿಟ್‌ಗೆ ಲೋಪಿಟಾಲ್ ನಿಯಮ (0/0 ಬಂದಾಗ ಮೇಲಿನದಕ್ಕೂ ಕೆಳಗಿನದಕ್ಕೂ ಡೆರಿವೇಟಿವ್ ತೆಗೆದು ಲಿಮಿಟ್ ನೋಡುವುದು) ಹಚ್ಚಿ 'ಸಾಧಿಸಿದೆ' ಅನ್ನಬೇಡಿ. ಸೈನ್‌ನ ಡೆರಿವೇಟಿವ್ ಕಂಡುಹಿಡಿಯಲು ಇದೇ ಲಿಮಿಟ್ ಬೇಕು.

ಇನ್ನು ಬರವಣಿಗೆ. ಆದೇಶಿಸುವ ಸಾಲಿನವರೆಗೆ ಪ್ರತಿ ಹೆಜ್ಜೆಯಲ್ಲೂ ಲಿಮಿಟ್ ಚಿಹ್ನೆ ಇರಲಿ, ಆದೇಶಿಸಿದ ಸಾಲಿನಿಂದ ತೆಗೆದುಬಿಡಿ.