ಕಾರು ಓಡಿಸುವುದು ಬಿಟ್ಟಮೇಲೆ ಅವರಿಗೆ ಐಡಿ ಯಾಕೆ?

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ, ದೇವಸ್ಥಾನದಲ್ಲಿ ಚಪ್ಪಲಿ ಹುಡುಕುವಾಗ, ರಾತ್ರಿ ಒಂಬತ್ತರ ಮೇಲೆ ಫೋನಿನಲ್ಲಿ, ಒಂದು ವರ್ಷದಿಂದ ನನ್ನನ್ನು ಎಲ್ಲರೂ ಕೇಳುವುದು ಒಂದೇ. "ನಿಮ್ಮ ಯಜಮಾನರು ಡ್ರೈವಿಂಗ್ ಬಿಟ್ಟರಲ್ಲ, ಅವರಿಗೆ ಐಡಿ ಹೇಗೆ ಮಾಡಿಸಿದಿರಿ?" ಕೇಳುವವರು ಜಾಸ್ತಿ ಹೆಂಗಸರೇ. ಸ್ವಲ್ಪ ಮೆಲ್ಲಗೆ ಕೇಳುತ್ತಾರೆ. ಗಂಡ ಅಲ್ಲೇ ಎಲ್ಲೋ ಹೋಳಿಗೆ ತಿನ್ನುತ್ತಾ ನಿಂತಿರುತ್ತಾರಲ್ಲ. ಅದರ ಬೆನ್ನಿಗೇ ಎರಡನೇ ಪ್ರಶ್ನೆ: "ಪಾಸ್‌ಪೋರ್ಟ್ ಇದೆಯಲ್ಲ, ಮತ್ತೆ ಐಡಿ ಬೇರೆ ಯಾಕೆ?"

ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನಾನು ಹೇಳುವುದೆಲ್ಲ ಇಲ್ಲಿಯದು. ಕಾರು ಓಡಿಸದವರಿಗೆ ಗುರುತಿನ ಕಾರ್ಡು ಎಲ್ಲ ರಾಜ್ಯಗಳಲ್ಲೂ ಸಿಗುತ್ತದೆ, ಆದರೆ ದರ ಬೇರೆ, ಕಾಗದಪತ್ರ ಬೇರೆ. ಟೆಕ್ಸಾಸ್‌ನವರು ನನ್ನ ಮಾತು ಹಿಡಿದುಕೊಂಡು ಹೋಗಿ ಕೌಂಟರಿನಲ್ಲಿ ಜಗಳ ಆಡಬೇಡಿ.

ನಮ್ಮವರಿಗೆ 76. ಪಾರ್ಕಿನ್ಸನ್ಸ್ ಶುರುವಾಗಿ ಐದು ವರ್ಷ ಆಯಿತು. ಒಂದೇ ತಿಂಗಳಲ್ಲಿ ಎರಡು ಸಲ ಕಾರು ಗ್ಯಾರೇಜಿನ ಗೋಡೆಗೆ ಉಜ್ಜಿತು. ಎರಡನೇ ಸಲ ಪಕ್ಕದ ಕನ್ನಡಿ ಕಿತ್ತುಕೊಂಡು ಬಂದಾಗ ಅವರೇ ಇಂಜಿನ್ ಆಫ್ ಮಾಡಿ, ಐದು ನಿಮಿಷ ಒಳಗೇ ಕೂತಿದ್ದು, ಇಳಿದು ಬಂದು ಕೀಲಿ ನನ್ನ ಕೈಗೆ ಕೊಟ್ಟರು. ನಾನು ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಮೈಸೂರಿನಲ್ಲಿ ಅಂಬಾಸಿಡರ್ ಮೇಲೆ ಕಲಿತ ಕೈ ಅದು.

ಆಮೇಲೆ ನಾವು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ಲೈಸೆನ್ಸ್‌ಗೆ ಇನ್ನೂ ಎಂಟು ತಿಂಗಳು ಅವಧಿ ಇತ್ತು. "ಓಡಿಸದಿದ್ದರೆ ಏನಂತೆ, ಐಡಿ ಅಂತ ತೋರಿಸೋಕೆ ಆಗುತ್ತಲ್ಲ" ಅಂತ ಪರ್ಸಿನಲ್ಲಿ ಇಟ್ಟುಕೊಂಡು ಸುಮ್ನೆ ಕೂತೆವು. ಆದರೆ ಅವಧಿ ಮುಗಿದ ಮೇಲೆ? 70 ದಾಟಿದವರು ಇಲ್ಲಿ ಲೈಸೆನ್ಸ್ ನವೀಕರಿಸಲು ಖುದ್ದಾಗಿ ಹೋಗಬೇಕು, ಕಣ್ಣಿನ ಪರೀಕ್ಷೆ ಕೊಡಬೇಕು. ಓಡಿಸುವ ಆಸೆಯೇ ಇಲ್ಲದವರು ಅದನ್ನೆಲ್ಲ ಯಾಕೆ ಮಾಡುತ್ತಾರೆ? ಹಾಗೇ ಕಾರ್ಡಿನ ದಿನಾಂಕ ದಾಟಿಬಿಡುತ್ತದೆ.

ನಮ್ಮ ಊರಿನಲ್ಲಾದರೆ ಒಂದಲ್ಲ ಒಂದು ಚೀಟಿ ಇರುತ್ತದೆ. ಆಧಾರ್, ಪ್ಯಾನ್, ವೋಟರ್ ಕಾರ್ಡು, ರೇಷನ್ ಕಾರ್ಡು. ಇಲ್ಲಿ ಎಲ್ಲದಕ್ಕೂ ಆ ಒಂದು ಡ್ರೈವಿಂಗ್ ಲೈಸೆನ್ಸೇ. ಬ್ಯಾಂಕಿನವರು ಕೇಳುವುದು ಅದನ್ನೇ, ಆಸ್ಪತ್ರೆಯ ಮುಂಗಟ್ಟೆಯಲ್ಲೂ ಅದನ್ನೇ.

ನನ್ನ ಕಣ್ಣು ತೆರೆಸಿದ್ದು ಮೈಸೂರಿನ ಸೈಟು. ಅದನ್ನು ಮಾರಲು ಮೈದುನನಿಗೆ ಜಿಪಿಎ, ಅಂದರೆ ನಮ್ಮ ಪರವಾಗಿ ಸಹಿ ಮಾಡುವ ಅಧಿಕಾರಪತ್ರ, ಕಳಿಸಬೇಕಿತ್ತು. ಅದಕ್ಕೆ ಇಲ್ಲಿ ನೋಟರಿ, ಆಮೇಲೆ ಅಪೊಸ್ಟೈಲ್, ಅಂದರೆ ಬೇರೆ ದೇಶದಲ್ಲಿ ನಡೆಯುವ ಹಾಗೆ ಸರ್ಕಾರ ಹಾಕಿಕೊಡುವ ದೃಢೀಕರಣ. ಅದರ ಜೊತೆಗೇ ವಕೀಲರು ಇನ್ನೊಂದು ಪವರ್ ಆಫ್ ಅಟಾರ್ನಿಯನ್ನೂ ಮಾಡಿಸಿಕೊಳ್ಳಿ ಅಂದರು, ಮುಂದೆ ನಮ್ಮವರ ಬ್ಯಾಂಕು, ಆಸ್ತಿ ವ್ಯವಹಾರ ನಾನು ನೋಡಿಕೊಳ್ಳುವ ಹಾಗೆ. ಅವರ ಬುದ್ಧಿ ಚುರುಕಾಗಿರುವಾಗಲೇ ಅದು ಆಗಬೇಕು. ಕ್ಯಾಲಿಫೋರ್ನಿಯಾದ ನೋಟರಿ ನೋಡುವ ಗುರುತಿನ ಚೀಟಿ ಅವಧಿಯೊಳಗಿರಬೇಕು, ಇಲ್ಲವೇ ಹೋದ ಐದು ವರ್ಷಗಳಲ್ಲಿ ಕೊಟ್ಟಿದ್ದಾಗಿರಬೇಕು. ನೋಟರಿ ಮೇಜಿನ ಮೇಲೆ ಕಾರ್ಡಿಟ್ಟು ದಿನಾಂಕದ ಮೇಲೆ ಬೆರಳು ಆಡಿಸಿದಾಗ ನನಗೆ ಎದೆ ಧಸಕ್ಕೆಂದಿತು. ಆರು ತಿಂಗಳು ಉಳಿದಿತ್ತು, ಬಚಾವಾದೆವು. ಅವತ್ತೇ ರಾತ್ರಿ ಡಿಎಂವಿ, ಅಂದರೆ ಲೈಸೆನ್ಸೂ ಐಡಿಯೂ ಕೊಡುವ ಕಚೇರಿಯ, ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಈಗ ಪಾಸ್‌ಪೋರ್ಟಿನ ವಿಷಯ. ಹೌದು, ನಡೆಯುತ್ತದೆ. 2025ರ ಮೇ 7ರಿಂದ ಒಳನಾಡಿನ ವಿಮಾನಕ್ಕೂ ರಿಯಲ್ ಐಡಿ, ಅಂದರೆ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕೊಟ್ಟ ಲೈಸೆನ್ಸೋ ಐಡಿ ಕಾರ್ಡೋ, ಕೇಳುತ್ತಾರೆ. ಆದರೆ ಪಾಸ್‌ಪೋರ್ಟ್ ಇದ್ದರೂ ಬಿಡುತ್ತಾರೆ, ಗ್ರೀನ್ ಕಾರ್ಡ್ ಇದ್ದರೂ ಬಿಡುತ್ತಾರೆ. ಇವು ಯಾವುವೂ ಇಲ್ಲದೆ ಹೋದವರಿಂದ 2026ರ ಫೆಬ್ರವರಿ 1ರಿಂದ 45 ಡಾಲರ್ ಶುಲ್ಕ ಬೇರೆ ಕೇಳುತ್ತಿದ್ದಾರೆ. ಅಂದರೆ ವಿಮಾನಕ್ಕಾಗಿಯೇ ಐಡಿ ಮಾಡಿಸಬೇಕು ಅಂತೇನಿಲ್ಲ. ಆದರೆ ಪಾಸ್‌ಪೋರ್ಟನ್ನು ದಿನಾ ಜೇಬಿನಲ್ಲಿಟ್ಟುಕೊಂಡು ವಾಕಿಂಗ್ ಹೋಗೋಕೆ ಆಗುತ್ತಾ? ಕಳೆದುಹೋದರೆ ಆ ರಾಮಾಯಣ ಯಾರಿಗೆ ಬೇಕು? 30 ಡಾಲರಿಗೆ ಪಾಸ್‌ಪೋರ್ಟ್ ಕಾರ್ಡ್ ಅಂತ ಚಿಕ್ಕದೊಂದು ಸಿಗುತ್ತದೆ, ಪರ್ಸಿನಲ್ಲಿ ಹಿಡಿಸುತ್ತದೆ. ಅದರಲ್ಲಿ ಮನೆ ವಿಳಾಸ ಇರುವುದಿಲ್ಲ. ನನಗೆ ಬೇಕಾಗಿದ್ದದ್ದೇ ವಿಳಾಸ. ನಮ್ಮ ಪರಿಚಯದವರೊಬ್ಬರಿಗೆ ಮರೆವಿನ ಕಾಯಿಲೆ. ಒಂದು ಮಧ್ಯಾಹ್ನ ಮನೆಯಿಂದ ಹೊರಟವರು ಮೂರು ಮೈಲಿ ಆಚೆ ಬಸ್‌ಸ್ಟಾಪಿನಲ್ಲಿ ಕೂತಿದ್ದರು. ಜೇಬಿನಲ್ಲಿ ಇದ್ದದ್ದು ಒಂದು ಕರವಸ್ತ್ರ, ಕುಂಕುಮದ ಪೊಟ್ಟಣ ಅಷ್ಟೇ.

ಗಂಡನನ್ನು ಒಪ್ಪಿಸುವುದು ಹೇಗೆ ಅಂತ ಕೇಳುವವರಿಗೆ ನನ್ನ ಸಲಹೆ: ಮಾತಿನ ಮೇಲೆ ಹಿಡಿತ ಇರಲಿ. "ಲೈಸೆನ್ಸ್ ವಾಪಸ್ ಕೊಟ್ಟು ಬರೋಣ" ಅಂದಿದ್ದರೆ ನಮ್ಮವರು ಇವತ್ತಿಗೂ ಹೊರಡುತ್ತಿರಲಿಲ್ಲ. "ಕಾರ್ಡು ಬದಲಾಯಿಸಿಕೊಂಡು ಬರೋಣ" ಅಂದೆ. ಬಂದರು. ಸುಳ್ಳೇನೂ ಅಲ್ಲ. ದೇಹ ಅಥವಾ ಮನಸ್ಸಿನ ಕಾಯಿಲೆಯಿಂದ ಓಡಿಸಲಾಗದವರು ಅವಧಿ ಇರುವ ಲೈಸೆನ್ಸ್ ಕೊಟ್ಟು, ದುಡ್ಡಿಲ್ಲದೆ ಐಡಿ ಕಾರ್ಡ್ ಪಡೆಯುವ ಏರ್ಪಾಡು ಇಲ್ಲಿದೆ. 62 ದಾಟಿದವರಿಗಂತೂ ಹೇಗೂ ಪುಕ್ಕಟೆ. ಆ ಹಿರಿಯರ ಕಾರ್ಡು ಮಾಮೂಲಿಯದಾದರೆ ಹತ್ತು ವರ್ಷ, ರಿಯಲ್ ಐಡಿ ಆದರೆ ಎಂಟು ವರ್ಷ ನಡೆಯುತ್ತದೆ. ಲೈಸೆನ್ಸಿಗೆ ಐದೇ ವರ್ಷ, ನೋಡಿ.

ಮರೆವಿನ ಕಾಯಿಲೆ ಇದ್ದವರ ಮನೆಯಲ್ಲಿ ಇನ್ನೂ ಬೇಗ ಹೊರಡಬೇಕು. ಅಂಥ ಕಾಯಿಲೆ ಅಂತ ಗೊತ್ತಾದರೆ ಡಾಕ್ಟರು ವರದಿ ಕಳಿಸಲೇಬೇಕು ಅನ್ನುವ ಕಾನೂನು ಈ ರಾಜ್ಯದಲ್ಲಿದೆ. ಅದು ಆರೋಗ್ಯಾಧಿಕಾರಿಯ ಮೂಲಕ ಡಿಎಂವಿಗೆ ಹೋಗುತ್ತದೆ. ಅಲ್ಲಿಂದ ಮರುಪರೀಕ್ಷೆಗೆ ಬನ್ನಿ ಅಂತ ಪತ್ರ. ಡಾಕ್ಟರ ಮೇಲೆ ಸಿಟ್ಟು ಮಾಡಿಕೊಂಡವರನ್ನು ಕಂಡಿದ್ದೇನೆ. ಅವರು ತಮ್ಮ ಕೆಲಸ ಮಾಡಿದ್ದಾರೆ ಅಷ್ಟೇ. ಆದರೆ ಆ ಪತ್ರ ಬಂದಮೇಲೆ ಹೋಗುವುದಕ್ಕೂ ನಾವಾಗಿಯೇ ಹೋಗುವುದಕ್ಕೂ ಮನೆಯ ಗಾಳಿಯಲ್ಲೇ ವ್ಯತ್ಯಾಸ ಇರುತ್ತದೆ.

ಇನ್ನು ಕಾಗದಪತ್ರ. ಅರ್ಜಿಯನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ತುಂಬಿ, ದಾಖಲೆಗಳನ್ನೂ ಅಲ್ಲೇ ಏರಿಸಬಹುದು. ಹೋಗುವಾಗ ಮೂಲ ಪ್ರತಿಗಳು ಕೈಯಲ್ಲಿರಲಿ. ರಿಯಲ್ ಐಡಿ ಬೇಕಾದರೆ ಗುರುತಿಗೆ ಒಂದು: ಪಾಸ್‌ಪೋರ್ಟ್, ಪೌರತ್ವದ ಸರ್ಟಿಫಿಕೇಟ್, ಗ್ರೀನ್ ಕಾರ್ಡ್, ಹೀಗೆ ಯಾವುದಾದರೂ. ವಿಳಾಸಕ್ಕೆ ಎರಡು: ಕರೆಂಟ್ ಬಿಲ್ಲು, ಬ್ಯಾಂಕಿನ ಕಾಗದ, ಮನೆ ಕಂದಾಯ, ಇಂಥವು. ಕೇಂದ್ರ ಸರ್ಕಾರ ಒಬ್ಬೊಬ್ಬರಿಗೂ ಕೊಡುವ ಸೋಷಿಯಲ್ ಸೆಕ್ಯೂರಿಟಿ ನಂಬರ್ ಹೇಳಬೇಕು. ಇಷ್ಟೇ. ಇಷ್ಟರಲ್ಲೇ ನಾವು ಮೊದಲನೇ ಸಲ ಸೋತು ವಾಪಸ್ ಬಂದೆವು.

ಕಾರಣ ಹೆಸರು. ನಮ್ಮ ಕಡೆಯವರ ಹೆಸರಿನ ಕಥೆ ನಿಮಗೆ ಗೊತ್ತಲ್ವಾ? ಊರು, ಅಪ್ಪ, ಆಮೇಲೆ ನಾವು. ಹೊಳೆನರಸೀಪುರದವರು ಅನ್ನುವುದು ಊರಿನಲ್ಲಿ ಒಂದು 'ಎಚ್' ಆಗಿತ್ತು. ವಿಮಾನ ಹತ್ತಿದ ಮೇಲೆ ಅದು ಪೂರಾ ಬಿಚ್ಚಿಕೊಂಡು ಅರ್ಜಿಯ ಚೌಕಗಳಿಂದ ಆಚೆ ಚೆಲ್ಲುತ್ತಿತ್ತು. ಪೌರತ್ವ ತೆಗೆದುಕೊಳ್ಳುವಾಗ ಹೆಸರು ಬದಲಿಸಿಕೊಳ್ಳಲು ಅವಕಾಶ ಇತ್ತು, ಇವರು ಖುಷಿಯಾಗಿ ಊರನ್ನು ಕತ್ತರಿಸಿ ಎಸೆದರು. ಪಾಸ್‌ಪೋರ್ಟಿನಲ್ಲಿ ಚಿಕ್ಕ ಹೆಸರು ಬಂತು. ಆದರೆ ಲೈಸೆನ್ಸಿನಲ್ಲೂ ಸೋಷಿಯಲ್ ಸೆಕ್ಯೂರಿಟಿ ದಾಖಲೆಯಲ್ಲೂ ಹೊಳೆನರಸೀಪುರ ಹಾಗೇ ಕೂತಿತ್ತು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾವೂ ಸರಿ ಮಾಡಿಸಿರಲಿಲ್ಲ. ಡಿಎಂವಿಯವರು ಆ ನಂಬರನ್ನು ಸೋಷಿಯಲ್ ಸೆಕ್ಯೂರಿಟಿ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ತಾಳೆ ಆಗಲಿಲ್ಲ. ತಪ್ಪು ನಮ್ಮದೇ.

ಸರಿ, ಸೋಷಿಯಲ್ ಸೆಕ್ಯೂರಿಟಿ ಕಚೇರಿಗೆ ಹೋದೆವು. ಪೌರತ್ವದ ಸರ್ಟಿಫಿಕೇಟ್ ತೋರಿಸಿದೆವು. ಅವರು ಕೇಳಿದರು, ಹಳೆಯ ಹೆಸರಿನಲ್ಲಿ ಏನಾದರೂ ಗುರುತಿನ ಚೀಟಿ ಇದೆಯಾ ಅಂತ. ಇತ್ತು. ಅದೇ ಲೈಸೆನ್ಸ್, ಇನ್ನೂ ಅವಧಿ ಮುಗಿಯದೆ. ಅದೊಂದು ಸತ್ತುಹೋಗಿದ್ದಿದ್ದರೆ ಎಲ್ಲೆಲ್ಲಿ ಅಲೆಯಬೇಕಿತ್ತೋ. ಅದಕ್ಕೇ ಹೇಳುವುದು, ಲೈಸೆನ್ಸ್ ಜೀವಂತ ಇರುವಾಗಲೇ ಈ ಕೆಲಸಕ್ಕೆ ಇಳಿಯಿರಿ. ಮನೆಯಲ್ಲಿರುವ ಎಲ್ಲ ಕಾರ್ಡುಗಳನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಹೆಸರನ್ನು ಅಕ್ಷರ ಅಕ್ಷರ ಓದಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಮುಂದೆ ಎಫ್‌ಎನ್‌ಯು ಅಂತ ಸೇರಿಸಿರುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅದೇ ಹೆಸರಾಗಿ ಎಲ್ಲ ಕಾರ್ಡುಗಳಲ್ಲೂ ಮನೆ ಮಾಡಿಕೊಂಡಿರುತ್ತದೆ. ಅಂಥವರು ನಮಗಿಂತ ಒಂದು ತಿಂಗಳು ಮುಂಚೆ ಹೊರಡಿ.

ಎರಡನೇ ಅಪಾಯಿಂಟ್‌ಮೆಂಟನ್ನು ಬೆಳಗ್ಗೆ ಹತ್ತೂವರೆಗೆ ತೆಗೆದುಕೊಂಡೆ, ಲೆಕ್ಕ ಹಾಕಿ. ಒಂಬತ್ತೂವರೆಗೆ ಮಾತ್ರೆ ನುಂಗಿದರೆ ಹತ್ತೂಕಾಲಿಗೆ ಅವರ ಕೈ ಹತೋಟಿಗೆ ಬರುತ್ತದೆ. ಕೌಂಟರಿನಲ್ಲಿ ಚಿಕ್ಕ ವಯಸ್ಸಿನ ಹುಡುಗಿ. ಹೆಬ್ಬೆರಳ ಗುರುತು, ಫೋಟೊ ಆಯಿತು. ಸಹಿ ಉಳಿಯಿತು.

ಅವರ ಸಹಿ ಕನ್ನಡದಲ್ಲಿ. ಇಷ್ಟು ವರ್ಷ ಇಲ್ಲಿದ್ದರೂ ಬದಲಾಯಿಸಿಲ್ಲ. ಹೆಸರು ಶ್ರೀಯಿಂದ ಶುರು. ಆ ಶ್ರೀಯ ರ-ಒತ್ತನ್ನು ಬಲಕ್ಕೆ ಎಳೆದು ಇಡೀ ಹೆಸರಿಗೆ ಅಡಿಗೆರೆ ಹಾಕುತ್ತಿದ್ದರು. ಮದುವೆ ಆದ ಹೊಸತರಲ್ಲಿ ಆ ಗೆರೆ ನೋಡಿ ಎಷ್ಟು ಜಂಭ ಇವರಿಗೆ ಅಂದುಕೊಂಡಿದ್ದೆ. ಪಾರ್ಕಿನ್ಸನ್ಸ್‌ನಲ್ಲಿ ಬರವಣಿಗೆ ಕುಗ್ಗುತ್ತಾ ಹೋಗುತ್ತದೆ. ಮೊದಲ ಅಕ್ಷರ ಉದ್ದಿನಕಾಳಿನಷ್ಟು ಇದ್ದರೆ ಕೊನೆಯದು ಸಾಸಿವೆ. ಗಾಜಿನ ಹಲಗೆಯ ಮೇಲೆ ಒಂದು ಸಲ ಬರೆದರು, ತಲೆ ಅಲ್ಲಾಡಿಸಿದರು. ಹುಡುಗಿ ಅಳಿಸಿಕೊಟ್ಟಳು. ಇನ್ನೊಂದು ಸಲ. ಮೂರನೇ ಸಲ ಶ್ರೀ ಚೆನ್ನಾಗಿ ಬಂತು, ಒತ್ತು ಅರ್ಧ ಹೆಸರಿನವರೆಗೆ ಓಡಿತು. "ಇದು ಯಾವ ಭಾಷೆ?" ಅಂದಳು. ಇವರು ನೆಟ್ಟಗೆ ನಿಂತು "ಕನ್ನಡ" ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಮುಂದೆ ಮತ್ತೆ ಓಡಿಸಬೇಕು ಅನ್ನಿಸಿದರೆ?" ಹೊಸದಾಗಿ ಅರ್ಜಿ ಹಾಕಿ, ಪರೀಕ್ಷೆಗಳನ್ನು ಕೊಡಿ ಅಂದಳು. ಅಷ್ಟು ಸಾಕಾಯಿತು ಅವರಿಗೆ. ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತ ಗೊತ್ತಾದ ಮೇಲೆ ಲೈಸೆನ್ಸನ್ನು ತಾವೇ ಪರ್ಸಿನಿಂದ ತೆಗೆದುಕೊಟ್ಟರು.

ಆ ಸಹಿಯನ್ನು ಇಷ್ಟುದ್ದ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಇಲ್ಲಿ ಎಲ್ಲ ಮತದಾರರಿಗೂ ಮತಪತ್ರ ಅಂಚೆಯಲ್ಲೇ ಬರುತ್ತದೆ, ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯಲ್ಲಿರುವ ಸಹಿಯ ಜೊತೆ ಹೋಲಿಸುತ್ತಾರೆ. ಕೈ ನಡುಗುವವರ ಸಹಿ ಹತ್ತು ವರ್ಷದ ಹಿಂದಿನದಕ್ಕೆ ಹೊಂದುವುದಾದರೂ ಹೇಗೆ? ಡಿಎಂವಿ ಅರ್ಜಿಯಲ್ಲೇ ಮತದಾರರ ನೋಂದಣಿಯೂ ಇರುತ್ತದೆ. ಅದನ್ನು ಹಾರಿಸಿಕೊಂಡು ಹೋಗಬೇಡಿ.

ಕಾರು ಓಡಿಸದವರಿಗೆ ಅಂಗವಿಕಲರ ಪಾರ್ಕಿಂಗ್ ಫಲಕ ಸಿಗಲ್ಲ ಅನ್ನುವುದು ಸುಳ್ಳು. ಅದು ಮನುಷ್ಯನಿಗೆ ಕೊಡುವುದು, ಕಾರಿಗಲ್ಲ. ಡಾಕ್ಟರ ಸಹಿ ಬೇಕು, ಶಾಶ್ವತ ಫಲಕಕ್ಕೆ ಶುಲ್ಕ ಇಲ್ಲ. ಅವರು ಪಕ್ಕದಲ್ಲಿ ಕೂತಿದ್ದರೆ ನಾನು ಓಡಿಸುವಾಗಲೂ ನೇತುಹಾಕಬಹುದು. ಅವರು ಮನೆಯಲ್ಲಿದ್ದು ನಾನೊಬ್ಬಳೇ ತರಕಾರಿಗೆ ಹೋದಾಗ ಹಾಕಿದರೆ ಮಾತ್ರ ತಪ್ಪು.

ಮಗನ ಮನೆಯಲ್ಲಿರುವ ಅಪ್ಪ ಅಮ್ಮಂದಿರ ಕಷ್ಟ ಬೇರೆ. ಒಂದು ಬಿಲ್ಲೂ ಅವರ ಹೆಸರಲ್ಲಿ ಇರುವುದಿಲ್ಲ. ಅವರ ಹೆಸರಿಗೆ ಒಂದು ಬ್ಯಾಂಕ್ ಖಾತೆ ತೆರೆದು, ಅದರ ಕಾಗದ ಅಂಚೆಯಲ್ಲಿ ಬರುವ ಹಾಗೆ ಮಾಡಿ. ಆರು ತಿಂಗಳಿಗೆ ಅಂತ ಬಂದುಹೋಗುವವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ, ಭಾರತದ ಪಾಸ್‌ಪೋರ್ಟೇ ವಿಮಾನಕ್ಕೆ ಸಾಕು. ಹಾಗೇ ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಬಿಲ್ಲುಗಳೆಲ್ಲ ಇವರ ಹೆಸರಲ್ಲೇ ಇದ್ದವು, ಅದಕ್ಕೇ ಇವರ ಕೆಲಸ ಸುಲಭ ಆಯಿತು. ನನ್ನದೇ ಮಾಡಿಸಬೇಕಾಗಿದ್ದಿದ್ದರೆ? ಮದುವೆ ಸರ್ಟಿಫಿಕೇಟ್ ಹಿಡಿದುಕೊಂಡು ಗಂಡನ ಬಿಲ್ಲು ತೋರಿಸಬೇಕಿತ್ತು. ಮನೆಗೆ ಬಂದವಳೇ ನೀರಿನ ಬಿಲ್ಲಿಗೆ ನನ್ನ ಹೆಸರನ್ನೂ ಸೇರಿಸಿದೆ.

ಕಾರ್ಡು ಅಂಚೆಯಲ್ಲಿ ಬಂತು. ಮೂಲೆಯಲ್ಲಿ ಚಿನ್ನದ ಬಣ್ಣದ ಕರಡಿ, ಅದರೊಳಗೆ ನಕ್ಷತ್ರ. ಅವಧಿ ನೋಡಿ ಇವರು ನಕ್ಕರು. "ಸರ್ಕಾರದವರು 84ರ ತನಕ ಗ್ಯಾರಂಟಿ ಕೊಟ್ಟಿದ್ದಾರೆ ನೋಡೇ."

ಹೋದ ವಾರ ಮಿಲ್ಪಿಟಾಸ್‌ನಿಂದ ಗೆಳತಿಯೊಬ್ಬಳು ಫೋನ್ ಮಾಡಿದಳು. ಅವಳ ಗಂಡನ ಲೈಸೆನ್ಸ್ ಮುಂದಿನ ತಿಂಗಳು ಮುಗಿಯುತ್ತದೆ, ಆದರೆ ಮನುಷ್ಯ ಜಪ್ಪಯ್ಯ ಅನ್ನುತ್ತಿಲ್ಲ. ನಾನು ಇಷ್ಟನ್ನೂ ಮತ್ತೆ ಶುರು ಮಾಡುವಷ್ಟರಲ್ಲಿ ಇವರು ಕೈ ಚಾಚಿ ಫೋನ್ ತೆಗೆದುಕೊಂಡು, "ಅವನಿಗೆ ಕೊಡಮ್ಮ" ಅಂದರು. ಆಮೇಲೆ ಒಂದೇ ಮಾತು: "ಲೋ, ಪುಕ್ಕಟೆ ಕಣೋ. ಎಂಟು ವರ್ಷ. ಹೋಗಿ ಇಸ್ಕೊಂಡು ಬಾರೋ."

ಮಂಗಳವಾರ ಅವರ ಅಪಾಯಿಂಟ್‌ಮೆಂಟ್. ಗೆಳತಿಗೆ ಡ್ರೈವಿಂಗ್ ಬರುವುದಿಲ್ಲ, ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಇವರೂ ಬರುತ್ತಾರಂತೆ.