ಹಾರ್ಡ್ ಡಿಸ್ಕ್ ಇಲ್ಲದ 14 ಕಂಪ್ಯೂಟರ್‌ಗಳು

ಹೋದ ಬೇಸಿಗೆ ರಜೆಯಲ್ಲಿ ನಾನು ಓದಿದ ಹೈಸ್ಕೂಲಿಗೆ ಹೋಗಿದ್ದೆ. ಸಾಗರದ ಕಡೆಯ ಒಂದು ಹಳ್ಳಿ ಶಾಲೆ ಅದು. ಕಂಪ್ಯೂಟರ್ ರೂಮಿನ ಬೀಗ ತೆಗೆಸಿ ನೋಡಿದರೆ 14 ಕಂಪ್ಯೂಟರ್‌ಗಳಿಗೆ ಹಳೇ ಬೆಡ್‌ಶೀಟ್ ಹೊದೆಸಿದ್ದರು. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಕೀಬೋರ್ಡಿನ ದೀಪ ಹತ್ತುತ್ತದೆ. ಆಮೇಲೆ ಕಪ್ಪು ಸ್ಕ್ರೀನಿನ ಮೇಲೆ ಬೂಟ್ ಡಿಸ್ಕ್ ಇಲ್ಲ ಅನ್ನುವ ಒಂದೇ ಸಾಲು. ಮಲೆನಾಡಿನ ಥಂಡಿ, ಪದೇ ಪದೇ ಹೋಗಿ ಬರುವ ಕರೆಂಟು. ಹಾರ್ಡ್ ಡಿಸ್ಕ್‌ಗಳು ಒಂದೊಂದಾಗಿ ಸತ್ತಿದ್ದವು.

"ಗುಜರಿಗೆ ಹಾಕೋಣ ಅಂತಿದ್ದೀವಪ್ಪ" ಅಂದರು ಹೆಡ್‌ಮೇಡಂ. ಒಂದು ವಾರ ಟೈಮ್ ಕೊಡಿ ಮೇಡಂ ಅಂದೆ.

ಡಿಸ್ಕ್ ಹೋದ ಮಾತ್ರಕ್ಕೆ ಕಂಪ್ಯೂಟರ್ ಹೋದ ಹಾಗಲ್ಲ. ನೆಟ್‌ವರ್ಕ್ ಕಾರ್ಡಿನಲ್ಲಿ ಪಿಎಕ್ಸ್‌ಇ ಅನ್ನುವ ಒಂದು ಪುಟ್ಟ ವ್ಯವಸ್ಥೆ ಇರುತ್ತದೆ. 1990ರ ದಶಕದ ಕೊನೆಯಲ್ಲಿ ಇಂಟೆಲ್ ತಂದದ್ದು. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ನಲ್ಲಿ, ಲ್ಯಾನ್ ಬೂಟ್ ಆನ್ ಮಾಡಿದರೆ ಸಾಕು, ಮಷಿನ್ ಡಿಸ್ಕ್ ಹುಡುಕುವುದು ಬಿಟ್ಟು ಕೇಬಲ್‌ನಲ್ಲಿ ಕೂಗುತ್ತದೆ: ನನಗೊಂದು ಐಪಿ ವಿಳಾಸ ಕೊಡಿ, ಯಾವ ಫೈಲ್ ತಗೊಂಡು ಏಳಬೇಕು ಹೇಳಿ. ಐಪಿಯನ್ನು ಶಾಲೆಯ ರೂಟರ್ ಕೊಡುತ್ತದೆ (ಹೀಗೆ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಅನ್ನುತ್ತಾರೆ). ಫೈಲಿನ ಹೆಸರು ಹೇಳುವುದಕ್ಕೆ ನಮ್ಮ ಸರ್ವರ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ಅನ್ನುವ ಸಾಫ್ಟ್‌ವೇರನ್ನು ಪ್ರಾಕ್ಸಿ ರೀತಿ, ಅಂದರೆ ರೂಟರ್ ಜೊತೆಗೆ ನಿಂತು ಅಷ್ಟನ್ನೇ ಹೇಳುವ ಹಾಗೆ, ಕೂರಿಸಿದೆ. ಹೀಗೆ ಮಾಡಿದ್ದರಿಂದ ರೂಟರ್ ಮುಟ್ಟುವ ಕೆಲಸವೇ ಬರಲಿಲ್ಲ.

ಎಲ್ಲ ಕೆಲಸ ನಡೆಯುವುದು ಸರ್ವರ್‌ನಲ್ಲಿ, ಹಳೇ ಕಂಪ್ಯೂಟರ್‌ಗಳು ಅದರ ಸ್ಕ್ರೀನ್ ತೋರಿಸುತ್ತವೆ ಅಷ್ಟೇ. ಇದಕ್ಕೇ ರಿಮೋಟ್ ಡೆಸ್ಕ್‌ಟಾಪ್ ಅನ್ನುವುದು. ಸರ್ವರ್ ಅಂದರೆ ದೊಡ್ಡದೇನಲ್ಲ. 6 ಕೋರ್, 32 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇರುವ ಮಾಮೂಲಿ ಡೆಸ್ಕ್‌ಟಾಪ್. ಹಳೇ ವಿದ್ಯಾರ್ಥಿಗಳೇ ದುಡ್ಡು ಹಾಕಿ ಕೊಂಡೆವು. ವಿಂಡೋಸ್ ಸರ್ವರ್ ಹಾಕಿದರೆ ರಿಮೋಟ್ ಡೆಸ್ಕ್‌ಟಾಪ್ ಬಳಸುವವರಿಗೆಲ್ಲ ಬೇರೆ ಲೈಸೆನ್ಸ್ ಬೇಕು. ಅದು ನಮ್ಮ ಕೈಗೆಟುಕುವ ಮಾತಲ್ಲ. ಹಾಗಾಗಿ ಡೆಬಿಯನ್ ಅನ್ನುವ ಉಚಿತ ಲಿನಕ್ಸ್, ಅದರ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಒದಗಿಸುವ ಎಕ್ಸ್‌ಆರ್‌ಡಿಪಿ, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್.

ಕ್ಲೈಂಟ್‌ಗಳಿಗೆ, ಅಂದರೆ ಆ 14 ಮಷಿನ್‌ಗಳಿಗೆ, 300 ಎಂಬಿಯ ಒಂದು ಪುಟ್ಟ ಲಿನಕ್ಸ್ ಇಮೇಜ್ ಮಾಡಿದೆ. ರ‍್ಯಾಮ್‌ನಲ್ಲೇ ಎದ್ದು, ಫ್ರೀಆರ್‌ಡಿಪಿ ಅನ್ನುವ ಸಾಫ್ಟ್‌ವೇರಿನಿಂದ ಸರ್ವರ್‌ನ 3389ನೇ ಪೋರ್ಟಿಗೆ ಸೇರಿ, ಲಾಗಿನ್ ತೋರಿಸುವುದಷ್ಟೇ ಅದರ ಕೆಲಸ. ಪಿಎಕ್ಸ್‌ಇ ಫೈಲ್ ತರಿಸಿಕೊಳ್ಳುವುದು ಟಿಎಫ್‌ಟಿಪಿ ಅನ್ನುವ ಸರಳ ವಿಧಾನದಲ್ಲಿ. ಇಷ್ಟು ದೊಡ್ಡ ಇಮೇಜನ್ನು ಅದರಲ್ಲಿ ಕಳಿಸಬೇಡಿ. ಅದು ಮೂಲದಲ್ಲಿ 512 ಬೈಟಿನ ತುಂಡು ಕಳಿಸಿ, 'ಬಂತು' ಅಂತ ಉತ್ತರ ಬಂದ ಮೇಲೆ ಮುಂದಿನ ತುಂಡು ಕಳಿಸುವಂಥದ್ದು. 300 ಎಂಬಿ ಅಂದರೆ ಸುಮಾರು 6 ಲಕ್ಷ ತುಂಡು! ನಾನು ಟಿಎಫ್‌ಟಿಪಿಯಲ್ಲಿ ಐಪಿಎಕ್ಸ್‌ಇ ಅನ್ನುವ ಪುಟ್ಟ ಬೂಟ್ ಪ್ರೋಗ್ರಾಂ ಮಾತ್ರ ಕಳಿಸಿದೆ. ಉಳಿದದ್ದನ್ನು ಆ ಪ್ರೋಗ್ರಾಂ ತಾನೇ, ವೆಬ್‌ಸೈಟ್‌ಗಳು ಬರುವ ಎಚ್‌ಟಿಟಿಪಿಯಲ್ಲಿ, ಎಳೆದುಕೊಳ್ಳುತ್ತದೆ.

ಮೊದಲ ಮಷಿನ್ ಒಂದು ನಿಮಿಷದೊಳಗೆ ಎದ್ದಿತು. 14ನ್ನೂ ಒಟ್ಟಿಗೆ ಆನ್ ಮಾಡಿದಾಗ ಆರು ನಿಮಿಷ ಹಿಡಿಯಿತು. ಲೆಕ್ಕ ಸರಿಯೇ ಇತ್ತು. ಕೇಬಲ್‌ಗಳನ್ನೆಲ್ಲ ಸೇರಿಸುವ ಹಳೇ ನೆಟ್‌ವರ್ಕ್ ಸ್ವಿಚ್ 100 ಎಂಬಿಪಿಎಸ್‌ನದು, ಸರ್ವರ್‌ನಿಂದ ಬರುವ ಒಂದೇ ವಯರಿನಲ್ಲಿ 4 ಜಿಬಿಗೂ ಜಾಸ್ತಿ ಹೋಗಬೇಕು. ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಗಿಗಾಬಿಟ್ ಸ್ವಿಚ್ ಸಿಕ್ಕಿತು. 24 ಪೋರ್ಟಿನ, ಸೆಟ್ಟಿಂಗ್ ಬದಲಿಸಬಹುದಾದ ಒಳ್ಳೇ ಮ್ಯಾನೇಜ್ಡ್ ಸ್ವಿಚ್.

ನಿಜವಾದ ತಲೆನೋವು ಶುರುವಾಗಿದ್ದು ಅದನ್ನು ಹಾಕಿದ ಮೇಲೆ. ಕೆಲವು ಮಷಿನ್ ಏಳುತ್ತವೆ, ಕೆಲವು ಪಿಎಕ್ಸ್‌ಇ-ಇ51 ಅಂತ ನಿಲ್ಲುತ್ತವೆ. ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ ಅಂತ ಅದರ ಅರ್ಥ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಇವತ್ತು ಎದ್ದ ಮಷಿನ್ ನಾಳೆ ಏಳುವುದಿಲ್ಲ. ಎರಡು ದಿನ ಹೀಗೇ ಹೋಯಿತು. ಕೊನೆಗೆ ಸರ್ವರ್‌ನಲ್ಲಿ, ಬಂದು ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ನಿಂತುಹೋದ ಮಷಿನ್‌ನಿಂದ ಒಂದೇ ಒಂದು ಪ್ಯಾಕೆಟ್ ಕೂಡ ಬಂದಿರಲಿಲ್ಲ. ಉತ್ತರ ಬಂದಿಲ್ಲ ಅನ್ನುವುದಲ್ಲ ವಿಷಯ, ಪ್ರಶ್ನೆಯೇ ನಮಗೆ ತಲುಪಿಲ್ಲ.

ಸಮಸ್ಯೆ ಇದ್ದದ್ದು ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ ಅನ್ನುವ ವ್ಯವಸ್ಥೆಯಲ್ಲಿ. ಯಾವುದೇ ಪೋರ್ಟಿಗೆ ಜೀವ ಬಂದ ಕೂಡಲೇ ಅದು 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ, ಆಮೇಲಷ್ಟೇ ಪ್ಯಾಕೆಟ್ ಬಿಡುತ್ತದೆ. ನೆಟ್‌ವರ್ಕ್ ಸುತ್ತು ಸೇರಿಕೊಂಡು ಸಿಕ್ಕಾಗಬಾರದು ಅಂತ ಇರುವ ಎಚ್ಚರಿಕೆ ಅದು. ಪಿಎಕ್ಸ್‌ಇ ಎಷ್ಟು ಹೊತ್ತು ಕೂಗುತ್ತದೆ ಗೊತ್ತಾ? ಒಮ್ಮೆ ಕೂಗಿ 4 ಸೆಕೆಂಡ್ ಕಾಯುತ್ತದೆ, ಮತ್ತೆ ಕೂಗಿ 8, ಮತ್ತೆ 16, ಕೊನೆಯ ಸಲ 32. ಅಂದರೆ ನಾಲ್ಕನೇ ಕೂಗು ಬೀಳುವುದು 28ನೇ ಸೆಕೆಂಡಿಗೆ. ಪೋರ್ಟ್ ತೆರೆಯುವುದು 30ಕ್ಕೆ. ಎರಡೇ ಸೆಕೆಂಡ್! ಕೇಬಲ್‌ಗೆ ಸ್ವಲ್ಪ ಬೇಗ ಜೀವ ಬಂದ ಮಷಿನ್ ಪಾರಾಗುತ್ತಿತ್ತು, ಉಳಿದದ್ದು ಮುಚ್ಚಿದ ಬಾಗಿಲಿಗೆ ನಾಲ್ಕು ಸಲ ಕೂಗಿ ಸುಮ್ಮನಾಗುತ್ತಿತ್ತು.

ಕಂಪ್ಯೂಟರ್ ಇರುವ ಪೋರ್ಟ್‌ಗಳನ್ನೆಲ್ಲ ಎಡ್ಜ್ ಪೋರ್ಟ್, ಅಂದರೆ ಕಾಯದೆ ಕೂಡಲೇ ಪ್ಯಾಕೆಟ್ ಬಿಡುವ ಪೋರ್ಟ್ ಮಾಡಿದೆ, ಅಷ್ಟೇ. 14ಕ್ಕೆ 14 ಎದ್ದವು. ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟಿಗೆ ಮಾತ್ರ ಇದನ್ನು ಮಾಡಬಾರದು, ಅಲ್ಲಿ ಆ ಎಚ್ಚರಿಕೆ ಬೇಕೇ ಬೇಕು.

ನನಗೆ ತುಂಬಾ ಇಷ್ಟವಾದದ್ದು ಕನ್ನಡ ಟೈಪಿಂಗ್. ಕ್ಲೈಂಟ್ ಮಷಿನ್‌ಗೆ ಕನ್ನಡ ಗೊತ್ತೇ ಇಲ್ಲ. ಯಾವ ಕೀ ಒತ್ತಿದಿರಿ ಅನ್ನುವ ಕೋಡನ್ನಷ್ಟೇ ಅದು ಸರ್ವರ್‌ಗೆ ಕಳಿಸುತ್ತದೆ, ಅಕ್ಷರ ಹುಟ್ಟುವುದು ಅಲ್ಲಿ. ಹಾಗಾಗಿ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸವನ್ನು ಒಂದೇ ಕಡೆ ಹಾಕಿದೆ, 14 ಕಡೆಯೂ ಬಂತು. ಎ, ಎಂ, ಎಫ್, ಎಂ ಒತ್ತಿದರೆ 'ಅಮ್ಮ'. ಮಕ್ಕಳು ಮೊದಲು ಟೈಪ್ ಮಾಡಿದ್ದೂ ಅದನ್ನೇ. ವಿಡಿಯೋ ನೋಡುವುದಕ್ಕೆ ಮಾತ್ರ ಈ ಏರ್ಪಾಡು ಒಗ್ಗುವುದಿಲ್ಲ, ಅದಕ್ಕೆ ಪ್ರೊಜೆಕ್ಟರ್ ಇದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಒಂಬತ್ತನೇ ಕ್ಲಾಸಿನವರು ಪ್ರಬಂಧ ಟೈಪ್ ಮಾಡುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಇದ್ದದ್ದು ಸರ್ವರ್‌ಗೆ ಮಾತ್ರ. "ಸಾರ್, ನಾನು ಬರೆದಿದ್ದೆಲ್ಲ ಹೋಯ್ತಾ?" ಅಂದಳು ಒಬ್ಬ ಹುಡುಗಿ. ಒಂದೂವರೆ ಪುಟ ಬರೆದಿದ್ದಳಂತೆ. ಹೋಗಿಲ್ಲ ಕಣಮ್ಮ, ಅದು ಇಲ್ಲಿ ಇರಲೇ ಇಲ್ಲ ಅಂದೆ. ಅವಳು ನಂಬಲಿಲ್ಲ.

20 ನಿಮಿಷಕ್ಕೆ ಕರೆಂಟು ಬಂತು. ಸ್ಕ್ರೀನ್ ಮೇಲೆ ಮತ್ತೆ ಅದೇ ಇ51! ಎದೆ ಧಸಕ್ಕೆಂದಿತು. ನೋಡಿದರೆ ಈ ಸಲ ಸ್ವಿಚ್ಚೇ ಇನ್ನೂ ಎದ್ದಿರಲಿಲ್ಲ. ಅದು ಏಳಲು ಎರಡು ನಿಮಿಷ ಬೇಕು, ಕಂಪ್ಯೂಟರ್‌ಗಳು ಅಷ್ಟರಲ್ಲಿ ಕೂಗಿ ಸೋತಿದ್ದವು. ಎಲ್ಲವನ್ನೂ ಇನ್ನೊಮ್ಮೆ ಆನ್ ಮಾಡಿಸಿದೆ. ಅವಳು ಲಾಗಿನ್ ಆದಳು. ಸರ್ವರ್‌ನಲ್ಲಿ ಅವಳ ಸೆಷನ್ ಹಾಗೇ ಇತ್ತು. ಅರ್ಧಕ್ಕೆ ನಿಂತ ಪದದ ಪಕ್ಕ ಕರ್ಸರ್ ಮಿನುಗುತ್ತಿತ್ತು.

ಅವತ್ತು ಸಂಜೆ ಅಟೆಂಡರ್ ಅಣ್ಣನೂ ನಾನೂ ಸೇರಿ ಯುಪಿಎಸ್‌ನಿಂದ ಸ್ವಿಚ್ಚಿಗೂ ರೂಟರ್‌ಗೂ ವಯರ್ ಎಳೆದೆವು.